ಗೆರೆಗಿಂತ ಎರಡು ಬೆರಳು ಮೇಲೆ

ಸುಜುಕಾ
ಏಪ್ರಿಲ್ 8, 1996

ಓಮೋರಿ ಚಿಗುಸಾ ಅವರಿಗೆ, ಹಟನಾಕಾ ಇವಾವೊ ಮಾಡುವ ವಂದನೆಗಳು.

ಹೂವು ಉದುರಿತು, ಗಾಳಿ ಬೆಚ್ಚಗಾಯಿತು ಎಂದೆಲ್ಲ ಶುರು ಮಾಡಬೇಕು. ನನಗೆ ಅದು ಬರುವುದಿಲ್ಲ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ನೀವು ಕಳಿಸಿದ ಫೋಟೊ ತಲುಪಿತು. ಫೆಬ್ರವರಿಯಲ್ಲಿ ನಾನು ಸೀಟಿನ ಹಿಂದೆ ಕಬ್ಬಿಣದ ಕಮಾನಿನಂಥ ರೋಲ್ ಬಾರ್ ಕೂರಿಸಿಕೊಟ್ಟ ನಿಮ್ಮ ಎರಡು ಸೀಟಿನ ಕಾರು ರೇಸ್ ಟ್ರ್ಯಾಕಿನ ಮೇಲಿದೆ, ಬಟ್ಟೆಯ ಮಾಡು ಬಿಚ್ಚಿದೆ, ನೀವು ಹೆಲ್ಮೆಟ್ ಹಾಕಿಕೊಂಡು ಕೈ ಎತ್ತಿದ್ದೀರಿ. ನನ್ನ ಹೆಂಡತಿ ಸೆತ್ಸು "ಎಷ್ಟು ಖುಷಿಯಾಗಿದಾರೆ ನೋಡ್ರೀ" ಎಂದು ಅದನ್ನು ವರ್ಕ್‌ಶಾಪಿನ ಗೋಡೆಗೆ ಅಂಟಿಸಿದಳು. ನಾನು ಎರಡು ದಿನ ಹೋಗುತ್ತಾ ಬರುತ್ತಾ ನೋಡಿದೆ. ಮೂರನೆಯ ದಿನ ಕಿತ್ತು ಮೇಜಿನ ಮೇಲಿಟ್ಟು, ಮುಂದಿನ ಗಾಜಿನ ಚೌಕಟ್ಟಿನ ನೆತ್ತಿಯಿಂದ ಹಿಂದಿನ ಬಾರಿನ ನೆತ್ತಿಗೆ ಸ್ಕೇಲ್ ಇಟ್ಟು ಗೆರೆ ಎಳೆದೆ. ನಿಮ್ಮ ಹೆಲ್ಮೆಟ್ ಆ ಗೆರೆಗಿಂತ ಎರಡು ಬೆರಳು ಕೆಳಗಿರಬೇಕು. ಎರಡು ಬೆರಳು ಮೇಲಿದೆ.

ಕಾರು ಮಗುಚಿದರೆ ಭಾರ ಹೊರುವುದು ಆ ಎರಡೇ ಜಾಗ. ನಡುವೆ ತಲೆ ಎದ್ದು ನಿಂತಿದ್ದರೆ ಮೊದಲು ನೆಲ ಮುಟ್ಟುವುದು ತಲೆಯೇ. ಆಮೇಲೆ ನನ್ನ ಬಾರ್ ಎಷ್ಟು ಗಟ್ಟಿಯಾಗಿದ್ದು ಏನು ಪ್ರಯೋಜನ?

ಹೀಗೆ ಯಾಕಾಯಿತೆಂದು ಯೋಚಿಸಿ ಯೋಚಿಸಿ ನನಗೆ ಹೊಳೆದದ್ದು ಇಷ್ಟು. ಅಳತೆಯ ದಿನ ನೀವು ಸೀಟಿನಲ್ಲಿ ಕೂತಿರಿ. ಸೆತ್ಸು ಪೊರಕೆಯ ಕೋಲನ್ನು ನಿಮ್ಮ ತಲೆಯ ಮೇಲೆ ಅಡ್ಡ ಹಿಡಿದು "ಕ್ಷಮಿಸಿ" ಎಂದಳು. ನೀವು ತಲೆ ಬಾಗಿಸಿದಿರಿ. ಎಲ್ಲರೂ ಬಾಗಿಸುತ್ತಾರೆ. ನಮ್ಮ ಜನರ ತಲೆಯ ಮೇಲೆ ಏನಾದರೂ ತಂದು ಕ್ಷಮಿಸಿ ಎಂದರೆ ಕತ್ತು ತಾನಾಗಿ ಬಗ್ಗುತ್ತದೆ. ಅದಕ್ಕೇ ಮೊದಲೆಲ್ಲ ನಾನು "ಸೆಟೆದು ಕೂತ್ಕೊಳ್ರೀ!" ಎಂದು ಮೈಮೇಲೆ ಏರಿಹೋದವನಂತೆ ಕೂಗುತ್ತಿದ್ದೆ. ಹೋದ ವರ್ಷ ಗಂಟಲಿನ ಆಪರೇಷನ್ನಿನಲ್ಲಿ ದನಿಪೆಟ್ಟಿಗೆ ತೆಗೆದರು. ಆ ದಿನ ಕೂಗಲಾಗಲಿಲ್ಲ, ಚೀಟಿ ಬರೆದು ತೋರಿಸಲು ನಾಚಿಕೆಯಾಯಿತು. ತಪ್ಪು ನನ್ನದು.

ಬಾರ್ ಬಿಚ್ಚಿ ಎತ್ತರದ್ದನ್ನು ಕೂರಿಸಿಕೊಡುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಟ್ರ್ಯಾಕಿಗೆ ಇಳಿಯಬೇಡಿ. ಇನ್ನೊಂದು ಮಾತು. ಬಾರಿಗೆ ಸುತ್ತಿದ್ದ ಸ್ಪಂಜಿನ ಕವಚ ಫೋಟೊದಲ್ಲಿ ಕಾಣುತ್ತಿಲ್ಲ. ಊರೊಳಗೆ ಹೆಲ್ಮೆಟ್ ಇಲ್ಲದೆ ಓಡಿಸುವಾಗ ಅದು ಇರಲೇಬೇಕು. ಹಿಂದಿನಿಂದ ಯಾರಾದರೂ ಸ್ವಲ್ಪ ಗುದ್ದಿದರೂ ಬರೀ ತಲೆಗೆ ಆ ಕಬ್ಬಿಣವೇ ಸುತ್ತಿಗೆ.

ಹಟನಾಕಾ


ಮಾತ್ಸುಎ
ಏಪ್ರಿಲ್ 21, 1996

ಹಟನಾಕಾ ಅವರಿಗೆ,

ನಿಮ್ಮ ಪತ್ರ ಓದಿ ನನಗೆ ತುಂಬಾ ಸಂಕೋಚವಾಯಿತು. ದಯವಿಟ್ಟು ಇಷ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಫೋಟೊ ತೆಗೆದವರು ತಗ್ಗಿನಲ್ಲಿ ನಿಂತಿದ್ದರು, ಅದಕ್ಕೆ ಹಾಗೆ ಕಂಡಿರಬಹುದು. ಬಾರ್ ನನಗೆ ಬಹಳ ಹಿಡಿಸಿದೆ. ಮಾಡು ಮುಚ್ಚಿದರೆ ಒಳಗೆ ಇಂಥದ್ದೊಂದು ಇದೆಯೆಂದು ದೇವರಿಗೂ ಗೊತ್ತಾಗುವುದಿಲ್ಲ. ಕವಚ ಹಾಕಿದರೆ ಮಾಡು ಉಬ್ಬುತ್ತದೆ, ಆದ್ದರಿಂದ ತೆಗೆದಿದ್ದೇನೆ.

ಈಗ ಬರಲು ಆಗುವುದಿಲ್ಲ. ನಮ್ಮದು ಚಹಾಕೂಟಗಳಿಗೆ ಸಿಹಿ ಮಾಡಿಕೊಡುವ ಅಂಗಡಿ. ಮೇ ಐದರ ಮಕ್ಕಳ ಹಬ್ಬಕ್ಕೆ ಓಕ್ ಎಲೆಯಲ್ಲಿ ಸುತ್ತುವ ಕಡುಬು ಸಾವಿರಗಟ್ಟಲೆ ಹೋಗಬೇಕು. ಫೆಬ್ರವರಿಯಲ್ಲಿ ನಾನು ಬಂದದ್ದೇ ಗೆಳತಿಯ ಮದುವೆಯೆಂದು ಸುಳ್ಳು ಹೇಳಿ. ಇನ್ನೊಬ್ಬ ಗೆಳತಿ ಮದುವೆಯಾಗಬೇಕಾದರೆ ಸ್ವಲ್ಪ ಕಾಲ ಬೇಕು.

ಒಂದು ಬೇಡಿಕೆ. ನಿಮ್ಮ ಹೆಂಡತಿಯ ಕೈಯಲ್ಲಿ ಇಲ್ಲಿಗೆ ಫೋನ್ ಮಾಡಿಸಬೇಡಿ. ಫೋನ್ ಎತ್ತುವುದು ನಮ್ಮ ಅತ್ತೆ ತಾಕಿ. ನಿಮ್ಮ ಲಕೋಟೆಯನ್ನೂ ಮೊದಲು ನೋಡಿದ್ದು ಅವರೇ. ಹಿಂದೆ ಮುಂದೆ ತಿರುಗಿಸಿ, "ಹಟನಾಕಾ ಕಬ್ಬಿಣದ ಕೆಲಸ? ಯಾರೇ ಇವನು?" ಎಂದರು. ನನ್ನ ಬಾಯಿಗೆ ಬಂದದ್ದು ಹೇಳಿಬಿಟ್ಟೆ. "ಹಬೆಪೆಟ್ಟಿಗೆಗೆ ತಟ್ಟೆಚೌಕಟ್ಟು ಮಾಡೋರು ಅತ್ತೆ. ನಮ್ದು ಸೊಟ್ಟಗಾಗಿದೆಯಲ್ಲ, ಕೇಳಿ ಬರೆದಿದ್ದೆ." ಆದ್ದರಿಂದ ಈ ಮನೆಯಲ್ಲಿ ಸದ್ಯಕ್ಕೆ ನೀವು ಹಬೆಪೆಟ್ಟಿಗೆಯವರು. ಕ್ಷಮಿಸಬೇಕು.

ನಿಮ್ಮ ಗಂಟಲು ನೋಡಿಕೊಳ್ಳಿ.

ಚಿಗುಸಾ


ಸುಜುಕಾ
ಏಪ್ರಿಲ್ 25, 1996

ಓಮೋರಿ ಅವರಿಗೆ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಟ್ರ್ಯಾಕಿಗೆ ಇಳಿಯುವುದಿಲ್ಲ ಎಂಬ ಮಾತು ಎಲ್ಲೂ ಇಲ್ಲ. ನನಗೆ ದನಿ ಹೋಗಿದೆ, ಕಣ್ಣು ಹೋಗಿಲ್ಲ. ಫೋಟೊ ತೆಗೆದವರು ತಗ್ಗಿನಲ್ಲಿ ನಿಂತಿದ್ದರೆ ಗಾಜಿನ ಚೌಕಟ್ಟೂ ಬಾರೂ ತಲೆಯೂ ಒಟ್ಟಿಗೇ ಮೇಲೇಳುತ್ತವೆ. ತಲೆಯೊಂದೇ ಏಳುವುದಿಲ್ಲ.

ಈ ಊರಿನಲ್ಲಿ ಯಾರಿಗೂ ಹೇಳದ ಒಂದು ಸಂಗತಿ ಹೇಳುತ್ತೇನೆ. ಹೇಳುವ ಅಗತ್ಯವಿಲ್ಲದಿದ್ದದ್ದು ಎಲ್ಲರಿಗೂ ಗೊತ್ತಿದ್ದ ಕಾರಣಕ್ಕೆ. ನಾನು ಮೊಟ್ಟಮೊದಲು ಮಾಡಿದ ಬಾರ್ ನನ್ನ ಗೆಳೆಯ ಮೊರೊಝುಮಿಯ ಕಾರಿನದು. 1967. ಇಬ್ಬರೂ ಇಪ್ಪತ್ತೊಂಬತ್ತರವರು. ಅವನೂ ಅಳತೆಗೆ ಕೂತಾಗ ಬಗ್ಗಿದ್ದ, ನಾನೂ ನೋಡದೆ ಬಿಟ್ಟಿದ್ದೆ. ಕಾರು ಜಲ್ಲಿಕಲ್ಲಿನ ಮೇಲೆ ಮಗುಚಿತು. ಬಾರ್ ಒಂದು ಕೂದಲೆಳೆಯಷ್ಟೂ ಸೊಟ್ಟಗಾಗಲಿಲ್ಲ, ಬೆಸುಗೆ ಬಿಡಲಿಲ್ಲ. ಎಲ್ಲರೂ ನನ್ನ ಕೆಲಸವನ್ನು ಹೊಗಳಿದರು. ಮೊರೊಝುಮಿ ಬೆಲ್ಟಿನಲ್ಲಿ ತಲೆಕೆಳಗಾಗಿ ಹದಿನಾಲ್ಕು ನಿಮಿಷ ನೇತಾಡಿದ. ನಾನು ಮಂಡಿಯೂರಿ ಅವನ ಪಕ್ಕದಲ್ಲೇ ಇದ್ದೆ, ಮುಟ್ಟಬೇಡ ಎಂದರು. "ಕೈ ಎಲ್ಲಿದೆ ನೋಡೋ, ನಂಗೆ ಸಿಗ್ತಿಲ್ಲ" ಎಂದು ಕೇಳುತ್ತಿದ್ದ. ಕತ್ತಿನ ಕೆಳಗೆ ಅವನಿಗೆ ಅಂದಿನಿಂದ ಏನೂ ಇಲ್ಲ. ಯೊಕ್ಕಾಯಿಚಿಯ ಆಸ್ಪತ್ರೆಯ ಮಂಚದ ಮೇಲಿದ್ದಾನೆ. ಪ್ರತಿ ಭಾನುವಾರ ಹೋಗಿ ಶೋಗಿ ಚದುರಂಗ ಆಡುತ್ತೇನೆ, ಅವನು ಹೇಳಿದಂತೆ ಅವನ ಕಾಯಿಗಳನ್ನೂ ನಾನೇ ನಡೆಸುತ್ತೇನೆ. ನನ್ನ ದನಿ ಹೋದ ಮೇಲೆ, "ಲೇ, ಈಗ ನಮ್ಮಿಬ್ಬರಲ್ಲಿ ವಾಚಾಳಿ ನಾನೇ" ಎಂದು ನಗುತ್ತಾನೆ. ಅವನು ನಗುವಾಗ ನನಗೆ ಎದ್ದು ಓಡಿಹೋಗಬೇಕೆನಿಸುತ್ತದೆ. ಓಡುವುದಿಲ್ಲ, ಕಾಯಿ ನಡೆಸುತ್ತೇನೆ.

ಇಷ್ಟು ಸಾಕು. ಈಗ ಬೇರೆ ತಲೆನೋವು. ನಿಮ್ಮ ಅತ್ತೆಯವರಿಂದ ನನಗೆ ಕಾರ್ಡು ಬಂದಿದೆ. ಹಬೆಪೆಟ್ಟಿಗೆಗೆ ನಾಲ್ಕು ತಟ್ಟೆಚೌಕಟ್ಟು ಬೇಕಂತೆ, ಉದ್ದಗಲ ಬರೆದು, "ಹೋದ ಸಲದವನ ಹಾಗೆ ವರ್ಷಕ್ಕೇ ಸೊಟ್ಟಗಾಗುವಂಥದ್ದು ಬೇಡ" ಎಂದು ಕೆಳಗೆ ಗೆರೆ ಎಳೆದಿದ್ದಾರೆ. ಸೆತ್ಸು ಬಿದ್ದು ಬಿದ್ದು ನಕ್ಕಳು. "ಮಾಡಿಕೊಡಿ, ಏನೀಗ? ಮಗುಚಿದ್ರೂ ಕಡುಬಿಗೆ ಏನೂ ಆಗ್ಬಾರ್ದು, ಹಾಗೆ ಮಾಡಿ" ಎನ್ನುತ್ತಾಳೆ.

ಮಾಡುತ್ತಿದ್ದೇನೆ. ನೀವು ಮಾತ್ರ ಕಾರು ತನ್ನಿ.

ಹಟನಾಕಾ


ಮಾತ್ಸುಎ
ಮೇ 17, 1996

ಹಟನಾಕಾ ಅವರಿಗೆ,

ಉತ್ತರ ತಡವಾಯಿತು. ಹಬ್ಬ ಮುಗಿಯುವಷ್ಟರಲ್ಲಿ ಕೈಬೆರಳು ಮಡಚಲು ಬರುತ್ತಿರಲಿಲ್ಲ. ಮೊರೊಝುಮಿ ಅವರ ವಿಷಯ ಓದಿ ಅತ್ತುಬಿಟ್ಟೆ. ಏನು ಬರೆಯಬೇಕೋ ತೋಚಲಿಲ್ಲ, ಈಗಲೂ ತೋಚುತ್ತಿಲ್ಲ.

ಚೌಕಟ್ಟುಗಳು ಬಂದಿವೆ. ನಮ್ಮತ್ತೆ ಯಾರನ್ನೂ ಹೊಗಳುವ ಪೈಕಿಯಲ್ಲ. ಬೆಸುಗೆಯ ಮೇಲೆ ಬೆರಳಾಡಿಸಿ, "ಮೀನಿನ ಹುರುಪೆ ಜೋಡಿಸ್ದಂಗಿದೆ. ಇದರ ಮೇಲೆ ಸುಮೋ ಜಟ್ಟಿ ಕೂತ್ರೂ ಬಗ್ಗಲ್ಲ" ಎಂದರು. ದಿನಾ ಬೆಳಿಗ್ಗೆ ತಾವೇ ಒರೆಸುತ್ತಾರೆ, ನನ್ನ ಕೈಗೆ ಕೊಡುವುದಿಲ್ಲ. ಈ ಮನೆಯಲ್ಲಿ ಹನ್ನೆರಡು ವರ್ಷದಲ್ಲಿ ನಾನು ಕೇಳದ ಹೊಗಳಿಕೆ ನಿಮಗೆ ಹನ್ನೆರಡು ದಿನದಲ್ಲಿ ಸಿಕ್ಕಿತು, ಹೊಟ್ಟೆಕಿಚ್ಚಾಯಿತು.

ನಾನು ಎಂಥ ಜಾಗದಲ್ಲಿದ್ದೇನೆಂದು ನಿಮಗೆ ಗೊತ್ತಾಗಲೆಂದು ಬರೆಯುತ್ತೇನೆ. ಗಿರಾಕಿ ಹೊರಟರೆ ಅವರು ಕಾಲುವೆಯ ಸೇತುವೆ ದಾಟುವವರೆಗೆ ಬಾಗಿ ನಿಂತಿರಬೇಕು. ನಾನು ಎತ್ತರದವಳು. ಮದುವೆಯಾದ ವಾರದಲ್ಲೇ ಅತ್ತೆ ಹೇಳಿದರು, "ಉದ್ದ ಇದೀಯ ನೀನು, ಎಲ್ರಿಗಿಂತ ಜಾಸ್ತಿ ಬಗ್ಗಬೇಕು." ಬಗ್ಗಿದೆ. ಬಾಗಿಲುಗಳೂ ತಗ್ಗು, ಒಲೆಯೂ ತಗ್ಗು. ಯಜಮಾನರು ಒಳ್ಳೆಯವರು, ಸಿಹಿಯ ಅಚ್ಚು ಕೆತ್ತುತ್ತಾ ಕೂತರೆ ಸಂಜೆಯವರೆಗೆ ತಲೆ ಎತ್ತುವುದಿಲ್ಲ. ಕಾರನ್ನು ನಾನು ತವರಿನಿಂದ ತಂದೆ. ಕಾಲೇಜಿನ ಮೋಟಾರು ಸಂಘದಲ್ಲಿ ಓಡಿಸುತ್ತಿದ್ದವಳೆಂದು ಅವರಿಗೆ ಗೊತ್ತು, ಅದು ಮುಗಿದ ಕಥೆ ಎಂದುಕೊಂಡಿದ್ದಾರೆ. ಸಿಹಿಪೆಟ್ಟಿಗೆಗಳನ್ನು ಪಕ್ಕದ ಸೀಟಿನಲ್ಲಿಟ್ಟು ಬೆಲ್ಟ್ ಕಟ್ಟಿ ಚಹಾಗುರುಗಳ ಮನೆಗೆ ಮುಟ್ಟಿಸಲು ಕಾರು ಬೇಕು, ಅದಕ್ಕೇ ಉಳಿದಿದೆ. ಒಳಗೆ ಬಾರ್ ಕಂಡ ದಿನ ಮಾರಿಬಿಡುತ್ತಾರೆ.

ತಿಂಗಳಿಗೊಂದು ಬುಧವಾರ ಅಂಗಡಿಗೆ ರಜೆ, ತವರಿಗೆಂದು ಹೇಳಿ ಗುಡ್ಡದಾಚೆಯ ಟ್ರ್ಯಾಕಿಗೆ ಹೋಗುತ್ತೇನೆ. ಬೆಲ್ಟು ಭುಜ ಅದುಮಿ ಹಿಡಿದಿರುತ್ತದೆ, ಕೈಕಾಲು ಅಲ್ಲಾಡಿಸಲು ಜಾಗವಿರುವುದಿಲ್ಲ. ನನಗೆ ಉಸಿರಾಡಲು ಬರುವುದು ಅಲ್ಲಿ ಮಾತ್ರ. ಜೂನ್ 19ರ ಬುಧವಾರ ಹೆಸರು ಕೊಟ್ಟಿದ್ದೇನೆ. ಬಿಡುವುದಿಲ್ಲ. ಸೀಟಿನ ಸ್ಪಂಜು ಕಿತ್ತು ತಗ್ಗಾಗಿ ಕೂರುತ್ತೇನೆ, ಸರಿಹೋಗುತ್ತದೆ ಅಲ್ಲವೇ?

ಚಿಗುಸಾ


ಸುಜುಕಾ
ಮೇ 23, 1996

ಓಮೋರಿ ಅವರಿಗೆ,

ಸರಿಹೋಗುವುದಿಲ್ಲ. ಸ್ಪಂಜು ಕಿತ್ತರೆ ಒಂದು ಬೆರಳು ತಗ್ಗುತ್ತದೆ, ಬೇಕಾದದ್ದು ನಾಲ್ಕು. ಸಾಲದ್ದಕ್ಕೆ ಬೆಲ್ಟು ಸಡಿಲವಾಗುತ್ತದೆ, ಮಗುಚಿದಾಗ ಆ ಒಂದು ಬೆರಳೂ ನಿಮಗೆ ಸಿಗುವುದಿಲ್ಲ.

ಜೂನ್ ಕೊನೆಗೆ ವರ್ಕ್‌ಶಾಪಿನ ಬಾಗಿಲು ಹಾಕುತ್ತಿದ್ದೇನೆ. ಒಪ್ಪಿಕೊಂಡಿದ್ದ ಎರಡು ಕೆಲಸ ವಾಪಸು ಕಳಿಸಿದೆ. ಬೆಸುಗೆ ಹಾಕುವುದು ಕೈ, ಆದರೆ ಅಳೆಯುವುದು ಬಾಯಿ ಎಂದು ದನಿ ಹೋದ ಮೇಲೆ ಗೊತ್ತಾಯಿತು. ಸೆಟೆದು ಕೂರು ಎಂದು ಹೇಳಲಾಗದವನು ಇನ್ನೊಬ್ಬರ ತಲೆ ಕಾಯುವ ಕೆಲಸ ಮಾಡಬಾರದು. ಸೆತ್ಸು ಎರಡು ದಿನದಿಂದ ನನ್ನ ಹತ್ತಿರ ಮಾತಾಡುತ್ತಿಲ್ಲ. ಮಾತಿಲ್ಲದ ಮನೆಯಲ್ಲಿ ಇಬ್ಬರೂ ಬೆಕ್ಕಿನ ಹಾಗೆ ಓಡಾಡುತ್ತಿದ್ದೇವೆ.

ನನ್ನ ಕೋಲನ್ನು ಪಾರ್ಸೆಲ್ ಮಾಡಿದ್ದೇನೆ. ಇಪ್ಪತ್ತೊಂಬತ್ತು ವರ್ಷ ಅಳೆದ ಕೋಲು. ಹೆಲ್ಮೆಟ್ ಹಾಕಿಕೊಂಡು ಕೂತು ನೀವೇ ನೋಡಿ. ಕೂತವರೇ ಅಳೆದುಕೊಳ್ಳಲು ಆಗುವುದಿಲ್ಲ, ಹಿಡಿಯಲು ಇನ್ನೊಬ್ಬರು ಬೇಕು. ಯಾರಾದರೂ ಒಬ್ಬರನ್ನು ಕರೆಯಿರಿ. ಯಾರೂ ಇಲ್ಲವೆಂದರೆ, ತಾಯಿ, ಅದಕ್ಕಿಂತ ದೊಡ್ಡ ಅಪಾಯ ಬೇರೆ ಏನಿದೆ?

ಹಟನಾಕಾ


ಮಾತ್ಸುಎ
ಜೂನ್ 13, 1996

ಹಟನಾಕಾ ಅವರಿಗೆ,

ಮೊದಲು ಇದನ್ನು ಓದಿ, ಬಾಗಿಲು ಹಾಕುವ ಮಾತು ಆಮೇಲೆ.

ಆ ದಿನ ನಾನು ತಲೆ ಬಾಗಿಸಲಿಲ್ಲ. ಬೇಕೆಂದೇ ಕುಗ್ಗಿ ಕೂತೆ. ನಿಮ್ಮ ಹೆಂಡತಿ ಕೋಲು ತರುವ ಮೊದಲೇ ಸೊಂಟ ಮುಂದಕ್ಕೆ ಜಾರಿಸಿ, ಬೆನ್ನು ಗೂನು ಮಾಡಿ, ಉಸಿರು ಬಿಗಿಹಿಡಿದೆ. ನೆಟ್ಟಗೆ ಕೂತರೆ ಬಾರ್ ಎತ್ತರವಾಗುತ್ತದೆ, ಮಾಡು ಮುಚ್ಚುವುದಿಲ್ಲ, ಮನೆಯಲ್ಲಿ ಕಾಣುತ್ತದೆ ಎಂದು ಲೆಕ್ಕ ಹಾಕಿಯೇ ಬಂದಿದ್ದೆ. ನೀವು ಕೂಗಿದ್ದರೂ ನಾನು ಏನಾದರೊಂದು ಮಾಡಿ ಮೋಸ ಮಾಡುತ್ತಿದ್ದೆ. ನಿಮ್ಮ ಮೊದಲ ಪತ್ರದಲ್ಲಿ ತಪ್ಪು ನನ್ನದು ಎಂದು ಓದಿದಾಗಲೇ ಹೇಳಬೇಕಿತ್ತು. ಹೇಳಲಿಲ್ಲ. ಮೊರೊಝುಮಿ ಅವರ ವಿಷಯ ಬರೆದಾಗಲೂ ಹೇಳಲಿಲ್ಲ. ನಿಮ್ಮ ಗಂಟಲಿನ ಮೇಲೆ ನನ್ನ ತಪ್ಪು ಹೊರಿಸಿ ಎರಡು ತಿಂಗಳು ಕಡುಬು ಸುತ್ತಿದೆ. ನನಗೆ ನನ್ನ ಮೇಲೇ ಅಸಹ್ಯವಾಗಿದೆ.

ಕೋಲು ಅಂಚೆಯಲ್ಲಿ ತಡವಾಗಿ ಬಂದದ್ದು ಮೊನ್ನೆ. ಅತ್ತೆ ಕಾಗದ ಬಿಚ್ಚಿ, "ಹಬೆಪೆಟ್ಟಿಗೆಯವನು ಪೊರಕೆ ಕೋಲು ಯಾಕೇ ಕಳಿಸ್ದ? ಪೊರಕೆ ಎಲ್ಲಿ?" ಎಂದು ಕೇಳಿದರು. ಸುಳ್ಳಿಗೆ ಬಾಯಿ ತೆರೆದೆ. ಏನೂ ಬರಲಿಲ್ಲ. ಅವರ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋಗಿ ಕಾರಿನ ಮಾಡು ಬಿಚ್ಚಿದೆ.

ಅವರು ಬಾರನ್ನು ನೋಡಿದರು. ಬಗ್ಗಿ ಅದರ ಬುಡದ ಬೆಸುಗೆಯ ಮೇಲೆ ಬೆರಳಾಡಿಸಿದರು. "ಈ ಕೈ ನಂಗೆ ಗೊತ್ತು. ದಿನಾ ಒರೆಸ್ತೀನಲ್ಲ" ಎಂದರು. ನಂತರ, "ಎಷ್ಟು ದಿನದಿಂದ?"

"ಬಾರಾ? ಫೆಬ್ರವರಿಯಿಂದ."

"ಓಡ್ಸೋದು."

"ಏಳು ವರ್ಷ ಅತ್ತೆ."

"ತವರಿಗೆ ಅಂತ ಹೋಗ್ತಿದ್ದೆಯಲ್ಲ, ನಿಮ್ಮಮ್ಮಂಗೆ ಅಂತ ನಾನು ಕಟ್ಟಿಕೊಡ್ತಿದ್ದ ಸಿಹಿ ಯಾರು ತಿಂದ್ರು?"

"ಟ್ರ್ಯಾಕಿನವರು."

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ, ಅದೇ ಭಯವಾಯಿತು. ಎಲ್ಲ ಹೇಳಿದೆ. ಎರಡು ಬೆರಳು, ನಾಲ್ಕು ಬೆರಳು, ನಾನು ಕುಗ್ಗಿ ಕೂತದ್ದಕ್ಕೆ ಸುಜುಕಾದ ಮನುಷ್ಯರೊಬ್ಬರು ಬಾಗಿಲು ಹಾಕುತ್ತಿರುವುದು. ಕೋಲು ಹಿಡಿಯಲು ನನಗೆ ಬೇರೆ ಯಾರೂ ಇಲ್ಲವೆಂದೂ ಹೇಳಿದೆ. "ಹಾಕ್ಕೋ ಆ ಟೋಪಿ, ಕೂತ್ಕೋ" ಎಂದರು. ಕೂತೆ. ಅವರು ಮೆಟ್ಟುಗಲ್ಲಿನ ಮೇಲೆ ಹತ್ತಿ ಕೋಲು ಅಡ್ಡ ಹಿಡಿದರು. ಅವರ ಕೈ ತಲೆಯ ಹತ್ತಿರ ಬಂದದ್ದೇ ತಡ, ಹಟನಾಕಾ ಅವರೇ, ನಾನು ಬಗ್ಗಿದೆ. ಈ ಸಲ ಬೇಕೆಂದಲ್ಲ.

"ನೆಟ್ಟಗೆ ಕೂತ್ಕೊಳ್ಳೇ!" ಎಂದು ಅವರು ಕೂಗಿದ ಕೂಗಿಗೆ ಅಂಗಡಿಯಲ್ಲಿದ್ದ ಗಿರಾಕಿಗಳು ಬಗ್ಗಿ ನೋಡಿದರು.

ನೆಟ್ಟಗೆ ಕೂತೆ. ಕೋಲು ಹೆಲ್ಮೆಟ್ಟಿಗೆ ತಾಗಿ ಬಾರಿನಿಂದ ಮೇಲೆದ್ದಿತು. ಪೊಟ್ಟಣ ಕಟ್ಟುವ ದಾರ ಅತ್ತೆಯ ಸೊಂಟದಲ್ಲಿತ್ತು, ಅದನ್ನು ತೆಗೆದು ನನ್ನ ಪಕ್ಕಕ್ಕೆ ಹಿಡಿದು ಏನೋ ಗಂಟು ಹಾಕಿದರು. ಕೋಲು ಎತ್ತಿಕೊಂಡು ಒಳಗೆ ಹೋದರು. ಅಂದಿನಿಂದ ಒಂದು ಮಾತಿಲ್ಲ.

ಬಾಗಿಲು ಹಾಕಬೇಡಿ. ಮೋಸಗಾರ್ತಿ ನಾನು, ನಿಮ್ಮ ಗಂಟಲಲ್ಲ.

ಚಿಗುಸಾ


ಮಾತ್ಸುಎ
ಜೂನ್ 20, 1996

ಹಟನಾಕಾ ಅವರಿಗೆ,

ನಿಮ್ಮಿಂದ ಉತ್ತರವಿಲ್ಲ. ಬೈಯುವಷ್ಟೂ ಯೋಗ್ಯತೆ ನನಗಿಲ್ಲ ಎಂದುಕೊಂಡಿರಬೇಕು.

ನಿನ್ನೆ ಬುಧವಾರ. ಬೆಳಿಗ್ಗೆ ಎದ್ದು ನೋಡಿದರೆ ಕಾರಿನ ಬೀಗದ ಕೈ ಮೊಳೆಯಲ್ಲಿಲ್ಲ. "ಅತ್ತೆ, ಬೀಗದ ಕೈ?" ಎಂದೆ. "ಕೆಂಪವರೆ ಸೋಸೋದಿದೆ" ಎಂದರು. ರಜೆಯ ದಿನ ಇಡೀ ಅವರ ಎದುರು ಕೂತು ಕೆಂಪವರೆ ಸೋಸಿದೆ. ಹೊರಗೆ ಕಾರು ಹೊದಿಕೆಯೊಳಗೆ ನಿಂತಿತ್ತು. ಮಾರಲು ಯಾರನ್ನೋ ಕೇಳಿದ್ದಾರೆಂದು ಕಾಣುತ್ತದೆ, ಎರಡು ಸಲ ಅಂಚೆಗೆ ತಾವೇ ಹೋಗಿಬಂದರು. ಯಜಮಾನರು ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹನ್ನೆರಡು ವರ್ಷದಲ್ಲಿ ಮೊದಲ ಸಲ ನಿಜ ಹೇಳಿದೆ, ಬಂದ ಬಹುಮಾನ ಇದು. ಕೋಲು ಅವರ ಕೋಣೆಯಲ್ಲಿದೆ, ಕೇಳಿ ವಾಪಸು ಕಳಿಸುವ ಧೈರ್ಯ ನನಗಿಲ್ಲ.

ಇನ್ನು ಬರೆಯುವುದಿಲ್ಲ.

ಚಿಗುಸಾ


ಸುಜುಕಾ
ಜೂನ್ 22, 1996

ಚಿಗುಸಾ ಅವರಿಗೆ,

ನಿಮ್ಮ 13ರ ಪತ್ರ ಓದಿ ಮೈ ಉರಿಯಿತು. ಉತ್ತರ ಬರೆದೆ, ಹರಿದೆ, ಮತ್ತೆ ಬರೆದೆ, ಸೆತ್ಸು ಹರಿದಳು. ಎರಡು ತಿಂಗಳು ಕನ್ನಡಿಯ ಮುಂದೆ ನಿಂತು ಗಂಟಲಿನ ತೂತನ್ನು ಶಪಿಸಿದ್ದೇನೆ, ನಿಮಗೆ ಗೊತ್ತೇ? ಪತ್ರವನ್ನು ಸೆತ್ಸುವಿಗೆ ತೋರಿಸಿದರೆ ಅವಳು, "ನಂಗೆ ಅವತ್ತೇ ಗೊತ್ತಾಗಿತ್ತು, ಕುಗ್ಗಿ ಕೂತಿದ್ರು. ಅವರ ಮುಖ ನೋಡಿ ಹೇಳೋಕೆ ಮನಸ್ಸೇ ಬರ್ಲಿಲ್ಲ" ಎಂದಳು. ನಾನು ಬಾಗಿಲು ಹಾಕುತ್ತೇನೆಂದಾಗ ಮಾತು ಬಿಟ್ಟದ್ದೂ ಅದಕ್ಕೇ, ಹೇಳಲೂ ಆಗದೆ ನುಂಗಲೂ ಆಗದೆ. ಹೀಗೆ ಇಬ್ಬರು ಹೆಂಗಸರು ಸೇರಿ ನನ್ನನ್ನು ಮೂರ್ಖನನ್ನಾಗಿ ಮಾಡಿದಿರಿ. ಅವಳ ಮೇಲೆ ಸಿಟ್ಟು ಇಳಿದಿದೆ. ನಿಮ್ಮ ಮೇಲೆ ಇನ್ನೂ ಸ್ವಲ್ಪ ಇದೆ.

ಇಂದು ಬೆಳಿಗ್ಗೆ ನಿಮ್ಮ 20ರ ಪತ್ರ ಬಂತು. ಅದಕ್ಕಾಗಿಯೇ ಈಗ ಬರೆಯುತ್ತಿದ್ದೇನೆ. ನಿಮ್ಮ ಅತ್ತೆ ಅಂಚೆಗೆ ಹೋದದ್ದು ಕಾರು ಮಾರಲು ಅಲ್ಲ. ಅವರ ಪತ್ರ ನನಗೆ 15ಕ್ಕೇ ಬಂದಿತ್ತು, ನಿಮಗೆ ಹೇಳಬಾರದೆಂದು ಬರೆದಿದ್ದರು. ಅವರ ಮಾತನ್ನು ನಾನು ಈಗ ಮುರಿಯುತ್ತಿದ್ದೇನೆ. ಇದ್ದ ಹಾಗೇ ನಕಲು ಮಾಡಿದ್ದೇನೆ.

"ಹಟನಾಕಾ ಅವರಿಗೆ. ಚೌಕಟ್ಟು ಚೆನ್ನಾಗಿವೆ. ಈಗ ಬೇರೆ ಕೆಲಸ. ಲಕೋಟೆಯಲ್ಲಿ ದಾರ ಕಳಿಸುತ್ತೇನೆ, ಸೀಟಿನಿಂದ ಟೋಪಿಯ ನೆತ್ತಿಯವರೆಗೆ ಗಂಟು ಹಾಕಿದೆ. ಸೊಸೆ ನೆಟ್ಟಗೆ ಕೂತಾಗ ಅಳೆದದ್ದು, ನಾನೇ ನಿಂತು ನೋಡಿದ್ದೇನೆ. ಅದಕ್ಕಿಂತ ಎರಡು ಬೆರಳು ಮೇಲೆ ಬರುವಂತೆ ಮಾಡಿ. ಮಾಡು ಮುಚ್ಚದಿದ್ದರೂ ಚಿಂತೆಯಿಲ್ಲ. ಬೀದಿಯವರು ನೋಡಿದರೆ ನೋಡಲಿ, ಮಗನಿಗೆ ನಾನು ಹೇಳುತ್ತೇನೆ. ಸ್ಪಂಜೂ ದಪ್ಪ ಇರಲಿ. ಆಗುವ ತನಕ ಬೀಗದ ಕೈ ನನ್ನ ಹತ್ತಿರ, ಎಷ್ಟು ಅತ್ತರೂ ಕೊಡುವುದಿಲ್ಲ. ಅವಳಿಗೆ ತಿಳಿಸಬೇಡಿ, ಕುಣಿಯುತ್ತಾಳೆ, ಕೆಂಪವರೆ ಹಾಗೇ ಉಳಿಯುತ್ತದೆ. ನೀವು ಬಾಗಿಲು ಹಾಕುವುದಿದ್ದರೆ ಇದಾದ ಮೇಲೆ ಹಾಕಿ. ಜುಲೈ 3ರ ಬುಧವಾರ ಬರುತ್ತೇವೆ. ಪಕ್ಕದ ಸೀಟಿನಲ್ಲಿ ನಾನು. ನನ್ನ ತಲೆಗೂ ಅಳೆಯಿರಿ. ಓಮೋರಿ ತಾಕಿ."

ದಾರ ನನ್ನ ಮೇಜಿನ ಮೇಲಿದೆ. ಭಾನುವಾರ ಮೊರೊಝುಮಿಗೆ ಎಲ್ಲ ಬರೆದು ತೋರಿಸಿದೆ. ಅವನು ಓದಿ ಮುಗಿಸಿ, "ಆ ಮುದುಕಿ ನಮ್ಮ ಕಾಲಕ್ಕೆ ಇರ್ಬೇಕಿತ್ತು ಕಣೋ" ಎಂದ. ಆ ದಿನ ನನಗೆ ಎದ್ದು ಓಡಬೇಕೆನಿಸಲಿಲ್ಲ.

ಕೊಳವೆ ಕತ್ತರಿಸಿ ಬಾಗಿಸಿಟ್ಟಿದ್ದೇನೆ. ಅಳೆಯುವಾಗ ಕೂಗುವ ಕೆಲಸ ನಿಮ್ಮ ಅತ್ತೆಯವರದು. ಬರುವಾಗ ಕೋಲು ತನ್ನಿ, ವಾಪಸು ಕಳಿಸಿದ್ದ ಆ ಎರಡು ಕೆಲಸದವರಿಗೂ ಬರಲು ಬರೆದಿದ್ದೇನೆ, ನನ್ನಲ್ಲಿ ಬೇರೆ ಕೋಲಿಲ್ಲ.

ಹಟನಾಕಾ ಇವಾವೊ